ಋಣಭಾರ ಪತ್ರದಲ್ಲಿಲ್ಲದ ಋಣ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ನಮ್ಮ ಹಿರಿಯರು. ಮನೆ ಕೊಂಡು ಬಾಡಿಗೆಗೆ ಕೊಟ್ಟು ನೋಡು ಎಂಬ ಮಾತನ್ನು ಅವರು ಸೇರಿಸಲಿಲ್ಲ. ಸಂಬಳದಾರನಾದವನು ತಾನು ವಾಸಿಸಲು ಒಂದು ಸೂರು ಮಾಡಿಕೊಂಡರೆ ಅದೇ ಜೀವಮಾನದ ಸಾಧನೆ ಎನ್ನುವ ಕಾಲ ಅದು. ಇಂದು ಭಾನುವಾರದ ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಿಂತಾಗ, ನಿವೃತ್ತಿಯ ಅಂಚಿನಲ್ಲಿರುವ ಯಾರಾದರೊಬ್ಬರು ನನ್ನ ಬಳಿಗೆ ಬರುತ್ತಾರೆ. "ನಂಜನಗೂಡಿನಲ್ಲಿ ಒಂದು ಮನೆ ತೆಗೆದು ಬಾಡಿಗೆಗೆ ಬಿಟ್ಟರೆ ಹೇಗೆ? ಟಿ. ನರಸೀಪುರ ಇನ್ನೂ ಅಗ್ಗವಂತೆ, ಹೌದೇ?" ಎಂದು ವಿಚಾರಿಸುತ್ತಾರೆ. ಆ ದಾರಿಯಲ್ಲಿ ನಾನು ಮೊದಲೇ ಹೋಗಿಬಂದವನೆಂಬುದು ಅವರಿಗೆ ತಿಳಿದಿದೆ. ಲೆಕ್ಕಾಚಾರವನ್ನು ನಾನು ಧಾರಾಳವಾಗಿ ಹೇಳುತ್ತೇನೆ. ಲೆಕ್ಕಕ್ಕೆ ಬಾರದ ಒಂದು ಸಂಗತಿಯನ್ನು ಮಾತ್ರ ಅಂಗಳದಲ್ಲಿ ನಿಂತು ಹೇಳಲು ನಾಲಿಗೆ ಏಳುವುದಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ನಿವೃತ್ತನಾದದ್ದು 2018ರಲ್ಲಿ. ಕೈಗೆ ಬಂದ ಹಣವನ್ನು ಬ್ಯಾಂಕಿನಲ್ಲಿಟ್ಟರೆ ಹಿರಿಯ ನಾಗರಿಕರಿಗೆ ಶೇಕಡಾ ಏಳಕ್ಕಿಂತ ತುಸು ಹೆಚ್ಚು ಬಡ್ಡಿ ದೊರೆಯುತ್ತಿದ್ದ ಕಾಲ. ಆದರೂ ಮನೆಯೆಂದರೆ ಕಣ್ಣಿಗೆ ಕಾಣುವ ಆಸ್ತಿ, ಬಾಡಿಗೆಯ ಜೊತೆಗೆ ಬೆಲೆಯೂ ಏರುತ್ತದೆ ಎಂಬ ಆಸೆ. ಮೈಸೂರಿನೊಳಗೆ ಕೊಳ್ಳುವ ಶಕ್ತಿ ಇರಲಿಲ್ಲ. ಅಲ್ಲಿಂದ ಸುಮಾರು 25 ಕಿ.ಮೀ. ದೂರದ ನಂಜನಗೂಡಿನಲ್ಲಿ ಬಾಡಿಗೆದಾರರಿಗೆ ಕೊರತೆಯಿಲ್ಲ ಎಂದು ಮಧ್ಯವರ್ತಿ ಹೇಳಿದ. ಅದು ಸುಳ್ಳಲ್ಲ. ಕಾಫಿಪುಡಿಯಿಂದ ಹಿಡಿದು ಔಷಧ, ಬಣ್ಣಗಳವರೆಗೆ ತಯಾರಿಸುವ ಕಾರ್ಖಾನೆಗಳು ಆ ಊರಿನ ಸುತ್ತ ಇವೆ. ಪಾಳಿಯ ಕೆಲಸಕ್ಕೆ ಬರುವ ಯುವ ಕುಟುಂಬಗಳಿಗೆ ಎರಡು ಕೋಣೆಯ ಮನೆ ಬೇಕೇ ಬೇಕು.

ನದಿಗೆ ಬಹಳ ದೂರವಲ್ಲದ ಒಂದು ಬಡಾವಣೆಯಲ್ಲಿ ಮನೆಯೊಂದನ್ನು ತೋರಿಸಿದರು. ಕೆಳಗೆ ಒಂದು ವಾಸ, ಮೇಲೆ ಎರಡು ಪುಟ್ಟ ವಾಸಗಳು. ಬೆಲೆ 24 ಲಕ್ಷ. ಎರಡು ಬೀದಿ ಆಚೆ, ತುಸು ಏರಿನಲ್ಲಿ ಅಂಥದೇ ಮನೆಗೆ 31 ಲಕ್ಷ ಹೇಳುತ್ತಿದ್ದರು. ನಾನು ಕಾಗದಪತ್ರಗಳ ವಿಷಯದಲ್ಲಿ ಎಚ್ಚರದ ಮನುಷ್ಯ. ಭೂಪರಿವರ್ತನೆಯ ಆದೇಶ, ಅನುಮೋದಿತ ನಕ್ಷೆ, ನಗರಸಭೆಯ ಖಾತೆ, ಕಂದಾಯದ ರಸೀದಿ, ಹಿಂದಿನ ಕ್ರಯಪತ್ರಗಳು, ಮೂವತ್ತು ವರ್ಷಗಳ ಋಣಭಾರ ಪ್ರಮಾಣಪತ್ರ, ಎಲ್ಲವನ್ನೂ ವಕೀಲರಿಗೆ ತೋರಿಸಿದೆ. ಯಾವ ದೋಷವೂ ಇರಲಿಲ್ಲ.

ಆದರೆ ಕೆಳಮನೆಯ ಗೋಡೆಯ ಮೇಲೆ, ಕಿಟಕಿಯ ಹೊಸ್ತಿಲ ಮಟ್ಟದಲ್ಲಿ, ಮಣ್ಣು ಬಣ್ಣದ ಒಂದು ಗೆರೆ ಇತ್ತು. ನಾಲ್ಕೂ ಗೋಡೆಗೆ ಒಂದೇ ಸಮನಾಗಿ, ದಾರ ಹಿಡಿದು ಎಳೆದಂತೆ. "ಮಳೆಯ ತೇವ ಸಾರ್, ಸುಣ್ಣ ಹೊಡೆದರೆ ಹೋಗುತ್ತದೆ" ಎಂದರು ಮಾರುವವರು. ಅದು 2018ರ ಡಿಸೆಂಬರ್. ಅದೇ ವರ್ಷದ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಬೀದಿಗಳಿಗೆ ನುಗ್ಗಿದ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ. ಮಳೆಯ ತೇವ ಹಾಗೆ ಗೆರೆ ಎಳೆಯುವುದಿಲ್ಲವೆಂಬುದು ನನಗೆ ಗೊತ್ತಿತ್ತು. ಏಳು ಲಕ್ಷ ಏಕೆ ಕಡಿಮೆಯೆಂಬುದೂ ಗೊತ್ತಿತ್ತು. ನಾನು ಕೇಳಲಿಲ್ಲ. ಕೊಂಡೆ. ಸುಣ್ಣ ಹೊಡೆಸಿದೆ.

ಕೆಳಮನೆಯನ್ನು ಭೋಗ್ಯಕ್ಕೆ ಕೊಟ್ಟೆ. ನಮ್ಮ ಕಡೆಯ ಈ ಪದ್ಧತಿ ಎಲ್ಲರಿಗೂ ತಿಳಿದದ್ದೇ. ಬಂದವರು ಒಂದು ಇಡಿಗಂಟು ಕೊಡುತ್ತಾರೆ, ತಿಂಗಳ ಬಾಡಿಗೆ ಇರುವುದಿಲ್ಲ, ಅವಧಿ ಮುಗಿದಾಗ ಗಂಟನ್ನು ಹಾಗೆಯೇ ಹಿಂದಿರುಗಿಸಬೇಕು. ಗುಂಡ್ಲುಪೇಟೆ ಕಡೆಯಿಂದ ಬಂದ ಯುವ ದಂಪತಿ, ಜೊತೆಗೆ ಎರಡನೆಯ ತರಗತಿಯಲ್ಲಿ ಓದುವ ಮಗಳು. ಮೂರು ವರ್ಷಕ್ಕೆ ಮೂರು ಲಕ್ಷ. ಚೀಟಿಯ ಹಣ, ಆ ತಾಯಿಯ ಎರಡು ಬಳೆ, ಊರಿನಲ್ಲಿ ಮಾರಿದ ಹಸು, ಎಲ್ಲವೂ ಆ ಗಂಟಿನಲ್ಲಿದ್ದವು. ಆ ಹಣದಲ್ಲಿ ಅರ್ಧದಷ್ಟು ನನ್ನ ಮುದ್ರಾಂಕ ಮತ್ತು ನೋಂದಣಿಯ ವೆಚ್ಚಕ್ಕೆ, ಅರ್ಧ ಲಕ್ಷ ಸುಣ್ಣಬಣ್ಣಕ್ಕೆ, ಉಳಿದದ್ದು ಬೆಲೆಯ ಬಾಕಿಗೆ ಹೋಯಿತು. ಮೇಲಿನ ಎರಡು ವಾಸಗಳಿಂದ ತಿಂಗಳಿಗೆ 11,000 ರೂಪಾಯಿ, ವರ್ಷಕ್ಕೆ 1,32,000. ನನ್ನ ಸ್ವಂತ ಹಣ 23 ಲಕ್ಷ. ಅಂದರೆ ಶೇಕಡಾ ಐದೂಮುಕ್ಕಾಲು, ಜೊತೆಗೆ ಏರುವ ಬೆಲೆ. ಡೈರಿಯಲ್ಲಿ ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದು ಸಂತೋಷಪಟ್ಟೆ.

ಕಪಿಲೆಯ ಸ್ವಭಾವವನ್ನು ನಂಜನಗೂಡಿನ ಹಿರಿಯರು ಬಲ್ಲರು. ನಂಜನಗೂಡಿನಲ್ಲಿ ಮೋಡವೇ ಇಲ್ಲದಿರಬಹುದು. ವಯನಾಡಿನ ಬೆಟ್ಟಗಳಲ್ಲಿ ಎರಡು ದಿನ ಬಿಡದೆ ಮಳೆ ಸುರಿದರೆ ಸಾಕು. ಬೀಚನಹಳ್ಳಿಯ ಕಬಿನಿ ಜಲಾಶಯ ಕನ್ನಂಬಾಡಿಯಷ್ಟು ದೊಡ್ಡದಲ್ಲ, ಬೇಗ ತುಂಬುತ್ತದೆ. ತುಂಬಿದ ಮೇಲೆ ಬಂದ ನೀರನ್ನು ಬಂದಂತೆ ಕೆಳಗೆ ಬಿಡದೆ ವಿಧಿಯಿಲ್ಲ. 2019ರ ಆಗಸ್ಟ್ ಎರಡನೆಯ ವಾರ ಆದದ್ದು ಅದೇ. ಹದಿನಾರು ಕಾಲು ಮಂಟಪ ಮುಳುಗಿತು. ಮಲ್ಲನಮೂಲೆಯ ಮಠದ ಬಳಿ ಹೆದ್ದಾರಿಯ ಮೇಲೆ ನೀರು ಹರಿದು ಮೈಸೂರಿನ ರಸ್ತೆ ಬಂದಾಯಿತು. ನಾನು ಊರು ತಲುಪಿದ್ದು ನೀರಿಳಿದ ಮೇಲೆ.

ದಂಪತಿ ಮಗಳೊಂದಿಗೆ ನಾಲ್ಕು ದಿನ ಪರಿಹಾರ ಕೇಂದ್ರದಲ್ಲಿದ್ದು ಆಗಷ್ಟೇ ಮರಳಿದ್ದರು. ಮಗುವಿನ ಪುಸ್ತಕಗಳು ಕಾಂಪೌಂಡ್ ಗೋಡೆಯ ಮೇಲೆ ಒಣಗುತ್ತಿದ್ದವು. ಯಜಮಾನನ ಐಟಿಐ ಅಂಕಪಟ್ಟಿಯ ಶಾಯಿ ಹರಡಿತ್ತು. ಅಕ್ಕಿಯ ಮೂಟೆ ಕೊಳೆತು ನಾರುತ್ತಿತ್ತು. ನಾನು ಹೊಡೆಸಿದ ಸುಣ್ಣ ಪದರಪದರವಾಗಿ ಕಳಚಿ ಬಿದ್ದು, ಹಳೆಯ ಗೆರೆ ಮತ್ತೆ ಕಾಣಿಸಿಕೊಂಡಿತ್ತು. ಅದರ ಒಂದು ಗೇಣು ಮೇಲೆ ಹೊಸ ಗೆರೆ.

ಆತ ಎರಡು ಗೆರೆಗಳನ್ನೂ ನೋಡಿ, "ಇದು ಮೊದಲೇ ಇತ್ತಾ ಸಾರ್? ನಿಮಗೆ ಗೊತ್ತಿತ್ತಾ?" ಎಂದು ಕೇಳಿದ.

"ಮಳೆಯ ತೇವ ಅಂತ ಹೇಳಿದ್ದರು" ಎಂದೆ. ಅದು ನಿಜವೂ ಹೌದು. ಮಾರಿದವರು ಹಾಗೆಯೇ ಹೇಳಿದ್ದರು. ನಿಜವಾದ ಮಾತನ್ನೇ ಆಡಿ ಸುಳ್ಳು ಹೇಳುವುದು ಎಷ್ಟು ಸುಲಭವೆಂದು ಅಂದು ತಿಳಿಯಿತು.

ಅವರು ಮನೆ ಬಿಡುತ್ತೇವೆ, ಹಣ ಕೊಡಿ ಎಂದರು. ಹಣ ಎಲ್ಲಿತ್ತು? "ಕರಾರು ಮೂರು ವರ್ಷಕ್ಕಲ್ಲವೇ" ಎಂದೆ. ಬಾಡಿಗೆಗೆ ಇದ್ದಿದ್ದರೆ ಅವರು ಮರುದಿನವೇ ಗಂಟುಮೂಟೆ ಕಟ್ಟಬಹುದಿತ್ತು. ಭೋಗ್ಯದ ಗಂಟು ನನ್ನ ಕೈಯಲ್ಲಿದ್ದುದರಿಂದ ಆ ತೇವದ ಮನೆಯಲ್ಲೇ ಉಳಿಯಬೇಕಾಯಿತು. ನಮ್ಮ ಕರಾರು ಛಾಪಾ ಕಾಗದದ ಮೇಲಿತ್ತೇ ಹೊರತು ನೋಂದಣಿಯಾಗಿರಲಿಲ್ಲ. ಅನೇಕರು ಹೀಗೆಯೇ ಮಾಡುತ್ತಾರೆ. ಅಂದು ಯಾರಾದರೂ ಆ ಆಸ್ತಿಯ ಋಣಭಾರ ಪ್ರಮಾಣಪತ್ರ ತೆಗೆಸಿದ್ದರೆ ಅದರಲ್ಲಿ ಯಾವ ಋಣವೂ ಕಾಣುತ್ತಿರಲಿಲ್ಲ. ನದಿಯದೂ ಇಲ್ಲ, ಆ ಕುಟುಂಬದ ಮೂರು ಲಕ್ಷವೂ ಇಲ್ಲ.

ಮನೆಗೆ ಬಂದು ನಡೆದುದನ್ನು ಹೆಂಡತಿಗೆ ಹೇಳಿದೆ. ಆಕೆ ಬೈಯಲಿಲ್ಲ. "ಆ ಹುಡುಗಿ ಈಗ ಎಲ್ಲಿ ಮಲಗುತ್ತಾಳೆ?" ಎಂದಷ್ಟೇ ಕೇಳಿದಳು. ಒಂದು ತಿಂಗಳು ನನ್ನ ಬಳಿ ಉತ್ತರವಿರಲಿಲ್ಲ. ಸೆಪ್ಟೆಂಬರ್ ನಡುವಿನಲ್ಲಿ ನಮ್ಮ ವೃದ್ಧಾಪ್ಯಕ್ಕೆಂದು ಉಳಿಸಿದ್ದ ಠೇವಣಿಯನ್ನು ಅವಧಿಗೆ ಮುನ್ನ ಮುರಿಸಿ ಮೂರು ಲಕ್ಷ ತೆಗೆದುಕೊಂಡು ಹೋದೆ. ಹಣ ಕೊಟ್ಟು, "ಗೆರೆ ನನಗೆ ಗೊತ್ತಿತ್ತು. ನಾನೇ ಸುಣ್ಣ ಹೊಡೆಸಿದೆ" ಎಂದೆ. ಆತ ಬಹಳ ಹೊತ್ತು ಸುಮ್ಮನಿದ್ದು, "ಕಡಿಮೆಗೆ ಸಿಕ್ಕಿತು ಅಂತ ನಾವೂ ಕೇಳಲಿಲ್ಲ ಸಾರ್" ಎಂದ. ಅದು ದೊಡ್ಡತನದ ಮಾತು. ಆದರೆ ಅವನ ಹೆಂಡತಿ ಹಣವನ್ನು ಎರಡು ಸಲ ಎಣಿಸಿದಳು, ನನ್ನ ಮುಖ ನೋಡಲಿಲ್ಲ. ಅವಳದೇ ಸರಿ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಆ ಕೆಳಮನೆಯನ್ನು ಮತ್ತೆ ವಾಸಕ್ಕೆ ಕೊಟ್ಟಿಲ್ಲ. ಗೋಡೆ ಒಡೆಸಿ ವಾಹನ ನಿಲ್ಲಿಸುವ ಜಾಗ ಮಾಡಿದ್ದೇನೆ. ಹೀಗಾಗಿ ನನ್ನ ಹೂಡಿಕೆ 26 ಲಕ್ಷವಾಯಿತು. ಬಂದ ಬಾಡಿಗೆಯಲ್ಲಿ ಮನೆಕಂದಾಯ, ದುರಸ್ತಿ, ವರ್ಷಕ್ಕೊಂದು ತಿಂಗಳು ಮನೆ ಖಾಲಿ ಬೀಳುವ ನಷ್ಟ, ಎಲ್ಲ ಸೇರಿ 30,000 ಕಳೆದರೆ ಉಳಿದದ್ದು ಶೇಕಡಾ ನಾಲ್ಕಕ್ಕೂ ಕಡಿಮೆ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಸೋಂಕಿನಿಂದ ನಂಜನಗೂಡು ದಿಗ್ಬಂಧನಕ್ಕೊಳಗಾಯಿತು. ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದೆಂದು ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಆದೇಶಿಸಿತು. ನಾನು ಎರಡು ತಿಂಗಳು ಕೇಳಲಿಲ್ಲ. ಇದನ್ನು ಔದಾರ್ಯವೆಂದು ಹೇಳಿಕೊಳ್ಳಲಾರೆ. ಹಿಂದಿನ ವರ್ಷದ ಬಾಕಿ ಇನ್ನೂ ಮನಸ್ಸಿನಲ್ಲಿತ್ತು.

2024ರ ಜುಲೈ ಕೊನೆಯಲ್ಲಿ ವಯನಾಡಿನಲ್ಲಿ ಭೀಕರ ಮಳೆಯಾದಾಗ ಕಪಿಲೆ ಮತ್ತೆ ಉಕ್ಕಿದಳು. ಅದಾದ ಕೆಲವೇ ವಾರಗಳಲ್ಲಿ ಅದೇ ಮಧ್ಯವರ್ತಿ ನನ್ನನ್ನು ಟಿ. ನರಸೀಪುರಕ್ಕೆ ಕರೆದೊಯ್ದ. ಕಾವೇರಿಯೂ ಕಪಿಲೆಯೂ ಕೂಡುವ ಊರು ಅದು. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವುದು ಆ ಸಂಗಮದಲ್ಲೇ. ಕಬಿನಿ, ಕನ್ನಂಬಾಡಿ ಎರಡೂ ಏಕಕಾಲಕ್ಕೆ ತುಂಬಿದರೆ ಎರಡು ನದಿಗಳ ನೀರೂ ಅಲ್ಲಿಗೇ ಬರಬೇಕು. ತೋರಿಸಿದ ಮನೆ ಚೆನ್ನಾಗಿತ್ತು, ಕಾಗದಗಳೂ ಸರಿಯಾಗಿದ್ದವು, ಗೋಡೆಗೆ ಹೊಸ ಸುಣ್ಣ ಹೊಡೆದಿತ್ತು. ನಾನು ಮಧ್ಯವರ್ತಿಯನ್ನು ಅಲ್ಲೇ ನಿಲ್ಲಿಸಿ ಪಕ್ಕದ ಮನೆಯ ಅಜ್ಜಿಯ ಬಳಿಗೆ ಹೋಗಿ, "ನೀರು ಎಲ್ಲಿಯವರೆಗೆ ಬಂದಿತ್ತು ತಾಯಿ?" ಎಂದು ಕೇಳಿದೆ. ಆಕೆ ಮಾತನಾಡದೆ ತನ್ನ ಸೊಂಟದ ಮೇಲೆ ಕೈಯಿಟ್ಟು ತೋರಿಸಿದಳು. ನಾನು ಮುಂದಿನ ಬಸ್ಸಿಗೆ ಹಿಂದಿರುಗಿದೆ.

ಅಂಗಳದಲ್ಲಿ ನನ್ನನ್ನು ಕೇಳುವ ಬಂಧುಗಳೇ, ಮನೆ ಕೊಳ್ಳಬೇಡಿರೆಂದು ನಾನು ಹೇಳುತ್ತಿಲ್ಲ. ದುಡಿಯಲು ಬಂದವರಿಗೆ ಯಾರಾದರೂ ಸೂರು ಕೊಡಲೇಬೇಕು. ವಕೀಲರಿಂದ ಕಾಗದಗಳನ್ನು ಓದಿಸಿ. ಬಳಿಕ ಆಗಸ್ಟ್ ತಿಂಗಳಲ್ಲಿ ಒಮ್ಮೆ ಆ ಬೀದಿಯಲ್ಲಿ ನಡೆದಾಡಿ, ನೆರೆಯವರನ್ನು ಕೇಳಿ. ಭೋಗ್ಯದ ಹಣ ಪಡೆದರೆ ಅದನ್ನು ನಿಮ್ಮದೆಂದು ಭಾವಿಸದೆ ಪ್ರತ್ಯೇಕವಾಗಿಡಿ. ನಿಮಗೆ ತಿಳಿದ ದೋಷವನ್ನು, ಅವರು ಕೇಳುವ ಮುನ್ನವೇ ತಿಳಿಸಿ.

ನಂಜನಗೂಡಿನ ನನ್ನ ಮನೆಯ ಕೆಳಗಿನ ಕಂಬದ ಮೇಲೆ ಕೆಂಪು ಬಣ್ಣದಲ್ಲಿ ಎರಡು ಗೆರೆ ಎಳೆಸಿ, ಪಕ್ಕದಲ್ಲಿ 2018, 2019 ಎಂದು ಬರೆಸಿದ್ದೇನೆ. ಕಳೆದ ಸಲ ಮೇಲಿನ ವಾಸ ಖಾಲಿಯಾದಾಗ ಮೂರು ಕುಟುಂಬಗಳು ಅದನ್ನು ನೋಡಿ ಹಿಂದಿರುಗಿದವು. ಎರಡು ತಿಂಗಳ ಬಾಡಿಗೆ ಹೋಯಿತು. ನಾಲ್ಕನೆಯವರು ಬಂದು ಗೆರೆಗಳನ್ನು ನೋಡಿ, ಮೆಟ್ಟಿಲುಗಳನ್ನು ಎಣಿಸಿ, "ಮೇಲಕ್ಕೆ ಬರುವುದಿಲ್ಲವಲ್ಲ?" ಎಂದು ಕೇಳಿದರು. "ಇದುವರೆಗೆ ಬಂದಿಲ್ಲ" ಎಂದೆ. ಅವರು ಈಗ ಅಲ್ಲಿದ್ದಾರೆ.