ಸೂರಿಲ್ಲದ ‘ಬ’

ಅಕ್ಕನ ಮಗಳಿಗೆ ನಾಲ್ಕೂವರೆ ವರ್ಷ. ದೋಸೆಯನ್ನು ನಡುವಿನಿಂದ ತಿನ್ನುತ್ತಾಳೆ. ಅಂಚು ಕೊನೆಯಲ್ಲಿ ಬಳೆಯಂತೆ ಉಳಿಯಬೇಕು, ಅದನ್ನು ಕೈಗೆ ಹಾಕಿಕೊಂಡು ಮನೆಯೆಲ್ಲ ಓಡಾಡಿದ ಮೇಲೆಯೇ ಬಾಯಿಗೆ. ಚಪ್ಪಲಿ ಅದಲುಬದಲು. ಮೆಟ್ಟಿಲು ಇಳಿಯುವುದು ಹಿಮ್ಮುಖವಾಗಿ. ಪುಣ್ಯಕೋಟಿಯನ್ನು ಹುಲಿ ತಿನ್ನುತ್ತದೋ ಇಲ್ಲವೋ ಎಂದು ಮೊದಲು ಹೇಳಬೇಕು, ಆಮೇಲೆ ಕಥೆ ಕೇಳಲು ಕೂರುತ್ತಾಳೆ.

ಇವೆಲ್ಲ ಮನೆಯೊಳಗಿನ ವಿಷಯ, ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಬಳಪ ಹಿಡಿದದ್ದೂ ಎಡಗೈಯಲ್ಲಿ. ಶಾಲೆಯಿಂದ ಚೀಟಿ ಬಂತು.

ದಸರಾ ರಜೆಗೆ ಹೋದಾಗ ಅಕ್ಕ ಅಂದಳು, “ನಿನ್ನ ಮಾತಾದ್ರೆ ಕೇಳ್ತಾಳೆ ಕಣೆ. ಹೇಗೂ ಅಕ್ಷರಗಳನ್ನೇ ಓದ್ತಿದೀಯ, ನೀನೇ ತಿದ್ದಿಸು.” ನಾನು ಓದುತ್ತಿರುವುದು ಶಾಸನಗಳ ಲಿಪಿಯನ್ನು. ಅದಕ್ಕೂ ಮಗುವಿಗೆ ಅಕ್ಷರ ಕಲಿಸುವುದಕ್ಕೂ ಇರುವ ದೂರ ಅಕ್ಕನಿಗೆ ಗೊತ್ತಿರಲಿಲ್ಲ, ನನಗೂ.

ಪುಟ್ಟಿ ಸ್ಲೇಟಿನ ಮೇಲೆ ಮೊದಲು ಒಂದು ಸಾಲು ಬರೀ ತಲೆಕಟ್ಟು ಬರೆಯುತ್ತಾಳೆ, ಆಮೇಲೆ ಒಂದೊಂದರ ಕೆಳಗೆ ಅಕ್ಷರವನ್ನು ನೇತುಹಾಕುತ್ತಾಳೆ. “ಮೊದ್ಲು ಸೂರು ಚಿಕ್ಕಮ್ಮ, ಆಮೇಲೆ ಮನೆ.” ಕ, ಗ, ಚ ಎಲ್ಲ ಹೀಗೇ ಸಾಗಿತು. ‘ಬ’ ಬಂದಾಗ ತಡೆದೆ. ಅದಕ್ಕೆ ತಲೆಕಟ್ಟಿಲ್ಲ ಪುಟ್ಟಿ.

“ಯಾಕಿಲ್ಲ? ಮಳೆ ಬಂದ್ರೆ?”

ಬ, ಜ, ಲ, ಣ ಇವಕ್ಕೆಲ್ಲ ಸೂರಿಲ್ಲ ಎಂಬುದನ್ನು ಇಪ್ಪತ್ತೈದು ವರ್ಷಗಳಿಂದ ನೋಡುತ್ತಿದ್ದೇನೆ, ಒಮ್ಮೆಯೂ ಯಾಕೆಂದು ಕೇಳಿಕೊಂಡಿರಲಿಲ್ಲ. ಉತ್ತರ ತಿಳಿಯದಿದ್ದಾಗ ದೊಡ್ಡವರು ಮಾಡುವುದನ್ನೇ ಮಾಡಿದೆ. “ಇಲ್ಲ ಅಂದ್ರೆ ಇಲ್ಲ. ಮತ್ತೆ ಈ ಕೈ ಅಲ್ಲ, ಆ ಕೈ,” ಎಂದು ಅವಳ ಮಣಿಕಟ್ಟು ಹಿಡಿದೆ. ಸ್ವಲ್ಪ ಜೋರಾಗಿಯೇ.

ಆ ಹಿಡಿತ ನನಗೆ ಗೊತ್ತು. ನಾನೂ ಎಡಚಿ. ಅಜ್ಜಿ ನನ್ನ ಎಡಗೈಯನ್ನು ತನ್ನ ಸೆರಗಿನ ತುದಿಗೆ ಕಟ್ಟಿ ಊಟಕ್ಕೆ ಕೂರಿಸುತ್ತಿದ್ದಳು. ಸಿಟ್ಟಿನಿಂದಲ್ಲ, ಮುಂದೆ ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೂ ಏನಾದರೂ ಅಂದಾರು ಎಂಬ ಭಯದಿಂದ. ಈಗ ಬಲಗೈಯಲ್ಲಿ ದುಂಡಗೆ ಬರೆಯುತ್ತೇನೆ. ಬಾಟಲಿ ಮುಚ್ಚಳ ತೆಗೆಯಲು, ತಲೆ ಬಾಚಲು ಮಾತ್ರ ಎಡಗೈ. ಯಾರಾದರೂ “ಬಲಕ್ಕೆ ತಿರುಗಿ” ಅಂದರೆ ಈಗಲೂ ಒಂದು ಕ್ಷಣ ನಿಂತು ಯೋಚಿಸಬೇಕು. ಅದಕ್ಕೂ ಸೆರಗಿಗೂ ಸಂಬಂಧ ಇದೆಯೋ ಇಲ್ಲವೋ, ನಾನಂತೂ ಅಜ್ಜಿಯ ಲೆಕ್ಕಕ್ಕೇ ಬರೆದಿಟ್ಟಿದ್ದೇನೆ.

ಪುಟ್ಟಿ ಅಳಲಿಲ್ಲ. ಬಲಗೈಯಲ್ಲಿ, ಸೂರಿಲ್ಲದ, ತಪ್ಪಿಲ್ಲದ ‘ಬ’ ಬರೆದು ಸ್ಲೇಟು ಕೆಳಗಿಟ್ಟಳು. ಎರಡು ದಿನ ಅದನ್ನು ಮುಟ್ಟಲಿಲ್ಲ. ಮರುದಿನ ದೋಸೆಯನ್ನು ಅಂಚಿನಿಂದ ತಿಂದಳು. “ನೋಡಿದ್ಯಾ, ಹೇಳೋ ಹಾಗೆ ಹೇಳಿದ್ರೆ ಕೇಳ್ತಾಳೆ,” ಎಂದು ಅಕ್ಕನಿಗೆ ಖುಷಿ. ಮಣಿಕಟ್ಟಿನ ವಿಷಯ ನಾನು ಬಾಯಿಬಿಡಲಿಲ್ಲ.

ಮೂರನೆಯ ರಾತ್ರಿ ಬ್ರಹ್ಮಗಿರಿಯ ಅಶೋಕನ ಶಾಸನದ ಪಡಿಯಚ್ಚಿನ ಜೆರಾಕ್ಸ್ ಹರಡಿಕೊಂಡು ಕೂತಿದ್ದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಯದು, ಕ್ರಿಸ್ತಪೂರ್ವ 3ನೇ ಶತಮಾನದ್ದು. ಅದನ್ನು ಬರೆದವನು ಚಪಡ. ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಬರೆದು, ಕೊನೆಯಲ್ಲಿ ತಾನು ಲಿಪಿಕಾರನೆಂದು ಹೇಳುವ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಬಲದಿಂದ ಎಡಕ್ಕೆ ಬರೆಯುವ ವಾಯವ್ಯದ ಲಿಪಿ. ಅವನು ಆ ಕಡೆಯಿಂದ ಬಂದವನಿರಬೇಕು ಎನ್ನುತ್ತಾರೆ ವಿದ್ವಾಂಸರು. ಇರಬಹುದು. ಆ ಬಂಡೆಯ ಮೇಲೆ ಅದನ್ನು ಓದುವವರು ಎಷ್ಟು ಜನ ಇದ್ದರೋ, ಅವನಂತೂ ಬರೆದ.

ಪುಟ್ಟಿ ಬಂದು ಮೊಣಕೈಗೆ ಒರಗಿದಳು. ಇಲ್ಲಿ ಯಾವ ಅಕ್ಷರಕ್ಕೂ ಸೂರಿಲ್ಲ, ಆಗಿನ್ನೂ ತಲೆಕಟ್ಟೇ ಹುಟ್ಟಿರಲಿಲ್ಲ ಎಂದೆ. ‘ಬ’ ತೋರಿಸಿದೆ. ಬ್ರಾಹ್ಮಿಯಲ್ಲಿ ಅದು ಬರಿಯ ಒಂದು ಚೌಕ.

ತುಂಬ ಹೊತ್ತು ನೋಡಿದಳು. “ಮನೆಯೇನೋ ಕಟ್ಟಿದಾನೆ. ಬಾಗಿಲು ಮರ್ತಿದಾನೆ.”

ನನ್ನ ಕೆಂಪು ಪೆನ್ನು ಎತ್ತಿಕೊಂಡು, ಎಡಗೈಯಲ್ಲಿ, ಚೌಕದೊಳಗೆ ಸಣ್ಣದೊಂದು ಬಾಗಿಲು ಬರೆದಳು. ಆಮೇಲೆ ಮುಂದಿನ ‘ಬ’ ಎಲ್ಲಿದೆ ಎಂದು ಕೇಳಿದಳು. ಆ ಹಾಳೆಯನ್ನು ಸೋಮವಾರ ಮಾರ್ಗದರ್ಶಕರಿಗೆ ತೋರಿಸಬೇಕಿತ್ತು. ಮುಂದಿನದನ್ನು ಹುಡುಕಿಕೊಟ್ಟೆ.