ಉಪ್ಪಿನ ಆನೆ

ನಮ್ಮ ಟೈಗರ್ ಆನೆ ತಿಂದ ಸಂಗತಿಯನ್ನು ಹೇಳಿದರೆ ನೀವು ನಗುತ್ತೀರಿ. ಮೊದಲು ನಾವೂ ನಕ್ಕೆವು. ತಿಂದದ್ದು ಒಂದಲ್ಲ, ಮೂರು ಆನೆ. ಅದರಲ್ಲೊಂದು ಅಂಬಾರಿ ಹೊತ್ತದ್ದು.

ಟೈಗರ್ ಎಂದೊಡನೆ ಹುಲಿಯಂಥ ನಾಯಿಯನ್ನು ಕಲ್ಪಿಸಿಕೊಳ್ಳಬೇಡಿ. ಬೀದಿಯಲ್ಲಿ ಹುಟ್ಟಿ, ಒಂದು ಮಳೆಗಾಲದ ಸಂಜೆ ನಮ್ಮ ಜಗಲಿ ಹತ್ತಿ, ಮಾರನೆಯ ದಿನದಿಂದ ಮನೆಯ ಯಜಮಾನಿಕೆ ವಹಿಸಿಕೊಂಡ 10 ಕಿಲೋ ತೂಕದ ಪ್ರಾಣಿ ಅದು. ಅಂಚೆಯವನನ್ನು ಕಂಡರೆ ಬೊಗಳುತ್ತದೆ. ಬೆಕ್ಕನ್ನು ಕಂಡರೆ ನನ್ನ ಕುರ್ಚಿಯ ಕೆಳಗೆ ನುಸುಳುತ್ತದೆ.

2023ರ ದಸರಾ ರಜೆಗೆ ಮಗ, ಸೊಸೆ, ಐದು ವರ್ಷದ ಮೊಮ್ಮಗಳು ಮೈಸೂರಿಗೆ ಬಂದಿದ್ದರು. ನವರಾತ್ರಿಯಲ್ಲಿ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವುದು ವಾಡಿಕೆ. ನನ್ನಾಕೆ ಅಟ್ಟದಿಂದ ಪೆಟ್ಟಿಗೆ ಇಳಿಸಿ, ಪಟ್ಟದ ಗೊಂಬೆಗಳ ಧೂಳು ಒರೆಸುತ್ತಿದ್ದಳು. ಮಗು ಕೈ ಚಾಚಿದಾಗಲೆಲ್ಲ "ಬೇಡ ಕಂದ, ಒಡೆದೀತು" ಎನ್ನುವಳು. ನಾಲ್ಕು ಸಲ ಈ ಮಾತು ಕೇಳಿ ಮಗುವಿನ ಮುಖ ಬಾಡಿತು. ಆಗ ಸೊಸೆ, "ಬಾ ಪುಟ್ಟಿ, ನಿನ್ನ ಗೊಂಬೆ ನೀನೇ ಮಾಡುವೆಯಂತೆ" ಎಂದು ಅಡುಗೆಮನೆಗೆ ಕರೆದೊಯ್ದಳು.

ಎರಡು ಬಟ್ಟಲು ಮೈದಾಹಿಟ್ಟು, ಒಂದು ಬಟ್ಟಲು ಪುಡಿಯುಪ್ಪು, ಒಂದು ಬಟ್ಟಲು ನೀರು, ಒಂದು ಚಮಚ ಎಣ್ಣೆ. ಅಂಬಾರಿಗೆ ಅರಿಸಿನದ ಬಣ್ಣ, ಆನೆಯ ಬೆನ್ನಿನ ಮೇಲಿನ ಬಟ್ಟೆಗೆ ಬೀಟ್‌ರೂಟಿನ ರಸ. ಚಪಾತಿಯ ಹಿಟ್ಟಿನಂತೆ ನಾದಿದ ಮೇಲೆ ಅದು ಮಕ್ಕಳ ಕೈಗೆ ಹೇಳಿಮಾಡಿಸಿದ ವಸ್ತು.

"ಮಗು ಬಾಯಿಗೆ ಹಾಕಿಕೊಂಡರೆ?" ಎಂದು ಕೇಳಿದೆ.

"ಎಲ್ಲ ಮನೆಯ ಪದಾರ್ಥವೇ ಮಾವ. ಒಂದು ಸಲ ನೆಕ್ಕಿದರೆ ಇನ್ನೊಂದು ಸಲ ನೆಕ್ಕುವುದಿಲ್ಲ. ಉಪ್ಪು ಹಾಕುವುದು ಬೂಷ್ಟು ಹಿಡಿಯದಿರಲಿ ಅಂತ."

ನನಗೂ ಸರಿಯೆನಿಸಿತು. "ಯಾವ ರಾಸಾಯನಿಕವೂ ಇಲ್ಲ" ಎಂದು ನೆರೆಮನೆಯ ರಾಯರ ಮುಂದೆ ಜಂಬ ಕೊಚ್ಚಿದ್ದೂ ಉಂಟು. ಉಪ್ಪೂ ಒಂದು ರಾಸಾಯನಿಕವೆಂದು ಹೈಸ್ಕೂಲಿನಲ್ಲಿ ಓದಿದ್ದೆ. ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆ.

ಸಂಜೆಯೊಳಗೆ ಏಳು ಆನೆಗಳ ಜಂಬೂಸವಾರಿ ಸಿದ್ಧವಾಯಿತು. ಮಾರನೆಯ ಬೆಳಿಗ್ಗೆ ನೋಡಿದರೆ ಹಿಟ್ಟು ಇನ್ನೂ ಮೆತ್ತಗಿತ್ತು. ಬಿಸಿಲಿಗಿಟ್ಟರೆ ಬೇಗ ಒಣಗೀತೆಂದು ಮೊರದಲ್ಲಿಟ್ಟು ಜಗಲಿಗೆ ತಂದವನು ನಾನೇ. ಮಧ್ಯಾಹ್ನ ಊಟ ಮಾಡಿ ಒಂದು ಗಳಿಗೆ ಕಣ್ಣು ಮುಚ್ಚಿದೆ. ತೆರೆದಾಗ ಮೊರದಲ್ಲಿ ನಾಲ್ಕೇ ಆನೆ. ಪಕ್ಕದಲ್ಲಿ ಟೈಗರ್ ತುಟಿ ನೆಕ್ಕಿಕೊಳ್ಳುತ್ತ ಕುಳಿತಿತ್ತು.

ಹುಲಿ ಆನೆಯನ್ನು ನುಂಗಿತೆಂದು ಎಲ್ಲರೂ ನಕ್ಕೆವು. ನಗದವಳು ಮೊಮ್ಮಗಳೊಬ್ಬಳೇ.

ಗಂಟೆಯೊಳಗೆ ಟೈಗರ್ ನೀರು ಕುಡಿಯತೊಡಗಿತು. ಅದರ ಬಟ್ಟಲನ್ನು ಎರಡು ಸಲ ತುಂಬಿಸಿದೆ. ಎರಡು ಸಲವೂ ಬರಿದು. ಆಮೇಲೆ ಕೆಂಪು ಬಣ್ಣದ ಹಿಟ್ಟನ್ನು ಕಕ್ಕಿತು. ಕಕ್ಕಿದ ಮೇಲೆ ಹಗುರಾದೀತೆಂದುಕೊಂಡೆ. ಆಗಲಿಲ್ಲ. ಎದ್ದು ನಡೆಯಹೋಗಿ ಹಿಂಗಾಲು ಸೋತು ಕುಸಿಯಿತು. ಕಿವಿಯ ಬಳಿ, ತುಟಿಯ ಬಳಿ ಮಾಂಸ ಅದಿರುತ್ತಿತ್ತು. ಹೆಸರು ಹಿಡಿದು ಕರೆದರೆ ಬೇರೆ ಯಾರನ್ನೋ ಕರೆದಂತೆ ನೋಡಿತು.

ಸದ್ದು ಕೇಳಿ ರಾಯರು ಬಂದರು. "ಮೈದಾ ಹೊಟ್ಟೇಲಿ ಕಚ್ಚಿಕೊಂಡಿದೆ, ಸ್ವಾಮಿ. ಒಂದು ಚೊಂಬು ಉಪ್ಪುನೀರು ಹುಯ್ಯಿರಿ, ಎಲ್ಲ ಹೊರಗೆ ಬರುತ್ತೆ. ನಮ್ಮೂರಲ್ಲಿ ವಿಷ ಕುಡಿದೋರಿಗೂ ಇದೇ ಮಾಡ್ತಿದ್ರು."

ನಮ್ಮೂರಲ್ಲೂ ಅದನ್ನೇ ಮಾಡುತ್ತಿದ್ದರು. ಬಾಲ್ಯದಿಂದ ಕಂಡ ಚಿಕಿತ್ಸೆ, ಸಂಶಯಕ್ಕೆ ಎಡೆಯೆಲ್ಲಿ? ಒಳಗೆ ಹೋಗಿ ಒಂದು ಹಿಡಿ ಉಪ್ಪನ್ನು ಚೊಂಬಿನಲ್ಲಿ ಕದಡಿ ತಂದೆ. ರಾಯರು ನಾಯಿಯ ದವಡೆ ಹಿಡಿದರು. ನಾನು ಚೊಂಬು ಬಾಗಿಸಿದೆ. ಅಷ್ಟರಲ್ಲಿ ಸೊಸೆ ಒಳಗಿನಿಂದ ಓಡಿಬಂದು ನನ್ನ ಕೈ ಹಿಡಿದಳು.

"ಮಾವ, ಅದು ತಿಂದಿರೋದೇ ಉಪ್ಪು!"

ಚೊಂಬು ನನ್ನ ಕೈಯಲ್ಲೇ ಉಳಿಯಿತು. ಆ ಗಳಿಗೆಯನ್ನು ನೆನೆದರೆ ಇಂದಿಗೂ ಕೈ ತಣ್ಣಗಾಗುತ್ತದೆ.

ಸೊಸೆ ಪಶುವೈದ್ಯರಿಗೆ ಫೋನು ಮಾಡಿದಳು. ಅವರು ಕೇಳಿದ್ದು ಮೂರೇ ಪ್ರಶ್ನೆ: ನಾಯಿಯ ತೂಕವೆಷ್ಟು, ತಿಂದದ್ದೆಷ್ಟು, ತಿಂದು ಎಷ್ಟು ಹೊತ್ತಾಯಿತು? ಉಳಿದ ಆನೆಯೊಂದನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟೆವು: 35 ಗ್ರಾಂ. ಮೂರಕ್ಕೆ 105. ಇಲ್ಲಿ ಒಂದು ಲೆಕ್ಕವನ್ನು ನೀವೂ ಗಮನಿಸಬೇಕು. ಬಟ್ಟಲಿನ ಅಳತೆಯಲ್ಲಿ ಮೈದಾ ಎರಡು, ಉಪ್ಪು ಒಂದು. ಆದರೆ ಮೈದಾ ಹಗುರ, ಉಪ್ಪು ಭಾರ. ಎರಡು ಬಟ್ಟಲು ಮೈದಾ ಸುಮಾರು 250 ಗ್ರಾಂ ತೂಗಿದರೆ, ಒಂದು ಬಟ್ಟಲು ಪುಡಿಯುಪ್ಪು 290 ಗ್ರಾಂ ತೂಗುತ್ತದೆ. ಹಿಟ್ಟು ಒಣಗಿದಂತೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ನಾನು ಬಿಸಿಲಿಗಿಟ್ಟ ಆನೆಯ ಮೈಯಲ್ಲಿ ಅರ್ಧದ ಹತ್ತಿರ ಉಪ್ಪೇ ಇತ್ತು.

ನಾಯಿಯ ಮೈತೂಕದ ಕಿಲೋ ಒಂದಕ್ಕೆ 2-3 ಗ್ರಾಂ ಉಪ್ಪು ಹೋದರೆ ವಿಷದ ಲಕ್ಷಣ ತೋರಬಹುದು. 4 ಗ್ರಾಂ ಆದರೆ ಪ್ರಾಣಕ್ಕೇ ಸಂಚಕಾರ. ಟೈಗರಿನ ಪಾಲಿಗೆ ಅದು 40 ಗ್ರಾಂ, ಊಟದ ಚಮಚದಲ್ಲಿ ಎರಡೂವರೆಗಿಂತ ಕಡಿಮೆ. ಅದು ನುಂಗಿದ್ದು ಅದಕ್ಕಿಂತ ಹೆಚ್ಚು. ಒಂದಷ್ಟನ್ನು ತಾನೇ ಕಕ್ಕಿದ್ದು ಅದರ ಪುಣ್ಯ.

ಆಟೋದಲ್ಲಿ ಹಾಕಿಕೊಂಡು ಓಡಿದೆವು. ಡಾಕ್ಟರು ರಕ್ತ ತೆಗೆದು ನೋಡಿದರು. ಆರೋಗ್ಯವಾದ ನಾಯಿಯ ರಕ್ತದಲ್ಲಿ ಸೋಡಿಯಂ ಲೀಟರಿಗೆ ಸುಮಾರು 140ರಿಂದ 155 ಮಿಲಿಮೋಲ್ ಇರಬೇಕಂತೆ. ಟೈಗರಿಗೆ 172 ಇತ್ತು. ಸಿರೆಗೆ ಸೂಜಿ ಚುಚ್ಚಿ ಗ್ಲೂಕೋಸ್ ನೀರನ್ನು ತೊಟ್ಟು ತೊಟ್ಟಾಗಿ ಬಿಟ್ಟರು. ನಡುಕಕ್ಕೆ ಬೇರೆ ಔಷಧ ಕೊಟ್ಟರು. ಗಂಟೆ ಗಂಟೆಗೂ ಬಂದು ನೋಡಿ, ಅಗತ್ಯವಾದಾಗ ಮತ್ತೆ ರಕ್ತ ಪರೀಕ್ಷೆ ಮಾಡುತ್ತಿದ್ದರು.

"ಸ್ವಲ್ಪ ಜೋರಾಗಿ ಬಿಡಬಾರದೇ?" ಎಂದೆ.

ಆತ ತಾಳ್ಮೆಯ ಮನುಷ್ಯ. ಕುಳಿತು ವಿವರಿಸಿದರು. ಉಪ್ಪಿನಕಾಯಿಗೆ ಉಪ್ಪು ಬೆರೆಸಿದರೆ ಮಾವಿನ ಹೋಳು ನೀರು ಬಿಟ್ಟು ಮುದುಡುವುದಿಲ್ಲವೆ? ರಕ್ತದಲ್ಲಿ ಉಪ್ಪೇರಿದರೆ ಮಿದುಳಿನ ಜೀವಕೋಶಗಳೂ ಹಾಗೆಯೇ ನೀರು ಕಳೆದುಕೊಂಡು ಕುಗ್ಗುತ್ತವೆ. ಮಿದುಳು ಕುಗ್ಗಿದಾಗ ಅದರ ಸೂಕ್ಷ್ಮ ರಕ್ತನಾಳಗಳು ಹರಿಯಬಹುದು. ತೂರಾಟ, ನಡುಕ, ಫಿಟ್ಸು, ಎಚ್ಚರ ತಪ್ಪುವುದು ಎಲ್ಲ ಇದರಿಂದಲೇ. ಹೊತ್ತು ಕಳೆದಂತೆ ಕುಗ್ಗಿದ ಮಿದುಳು ಆ ಉಪ್ಪಿಗೆ ಹೊಂದಿಕೊಳ್ಳತೊಡಗುತ್ತದೆ. ಆಗ ಆತುರಪಟ್ಟು ಉಪ್ಪಿಳಿಸಿದರೆ ನೀರು ಒಳನುಗ್ಗಿ ಮಿದುಳು ಊದಿಕೊಳ್ಳುತ್ತದೆ. ಏರಿದ್ದೂ ಅಪಾಯ, ಅವಸರದಲ್ಲಿ ಇಳಿಸಿದ್ದೂ ಅಪಾಯ.

ಚೊಂಬಿನ ಸಂಗತಿಯನ್ನು ಸಂಕೋಚಪಡುತ್ತ ಹೇಳಿದೆ. ಅವರು ಗದರಿಸಲಿಲ್ಲ. "ಏನೂ ತಿನ್ನದ ನಾಯಿಗೂ ಉಪ್ಪುನೀರು ಕುಡಿಸಬಾರದು. ವಾಂತಿ ಆಗದೆ ಹೋದರೆ ಆ ಉಪ್ಪೆಲ್ಲ ಒಳಗೇ ಉಳಿಯುತ್ತೆ" ಎಂದರಷ್ಟೆ. ಅಂಗಡಿಯ ಡಬ್ಬಿಯ ಹಿಟ್ಟೂ ಇದರ ದಾಯಾದಿಯೇ ಎಂದು ಆಮೇಲೆ ಓದಿ ತಿಳಿದೆ. ಪ್ಲೇ-ಡೋ ಎಂಬುದು 1930ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಗೋಡೆಗಂಟಿಸಿದ ಕಾಗದದ ಮಸಿ ಒರೆಸಲು ಹುಟ್ಟಿ, 1956ರಲ್ಲಿ ಆಟಿಕೆಯಾಗಿ ಮಾರಾಟಕ್ಕೆ ಬಂತು. ಅದರಲ್ಲೂ ಮುಖ್ಯವಾದವು ಗೋಧಿಹಿಟ್ಟು, ನೀರು, ಉಪ್ಪು. ವಿಷವಿಲ್ಲವೆಂಬ ಭರವಸೆಯೆಲ್ಲ ಬೆರಳು ನೆಕ್ಕುವ ಮಗುವಿಗೆ. ಉಂಡೆಯನ್ನೇ ನುಂಗುವ ನಾಯಿಗಲ್ಲ.

ಆ ರಾತ್ರಿ ಟೈಗರ್ ಆಸ್ಪತ್ರೆಯಲ್ಲೇ ಉಳಿಯಿತು. ಮನೆಗೆ ಬಂದರೆ ಮೊಮ್ಮಗಳು ನಿದ್ದೆ ಮಾಡದೆ ಕಾಯುತ್ತಿದ್ದಳು. ನನ್ನ ಪಕ್ಕ ಬಂದು ಮೆಲ್ಲನೆ, "ನನ್ನ ಆನೆಯಿಂದಾನೇ ಅಲ್ವಾ ತಾತ?" ಎಂದಳು.

ಏನು ಹೇಳಲಿ? ಆನೆ ಮಾಡಿದವಳು ಅವಳು, ಹಿಟ್ಟು ಕಲಸಿದವಳು ಅವಳಮ್ಮ. ಆದರೆ ನಾಯಿಯ ಬಾಯಿಗೆ ಎಟುಕುವಂತೆ ಜಗಲಿಯಲ್ಲಿಟ್ಟವನು ಯಾರು? ಅದೂ ಸಾಲದೆಂದು ಉಪ್ಪುನೀರು ಹಿಡಿದು ನಿಂತವನು ಯಾರು? "ಇಲ್ಲ ಕಂದ, ತಾತ ತಪ್ಪು ಜಾಗದಲ್ಲಿಟ್ಟ" ಎಂದೆ. ಅವಳು ಸ್ವಲ್ಪ ಯೋಚಿಸಿ, ನನ್ನನ್ನು ಕ್ಷಮಿಸಿದಂತೆ ತೊಡೆಯ ಮೇಲೆ ತಲೆಯಿಟ್ಟಳು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ನಮ್ಮ ಹಿರಿಯರು ಹೇಳಿದ್ದು ತಪ್ಪು ಮಾಡಿದವನನ್ನು ಕುರಿತು. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂಬ ಮಾತಿಗೆ ನಾಯಿಯಷ್ಟು ನಿಷ್ಠವಾಗಿ ನಡೆದ ಪ್ರಾಣಿ ಬೇರೆ ಇಲ್ಲ. ಆದರೆ ನಮ್ಮ ಮನೆಯಲ್ಲಿ ತಪ್ಪು ಮಾಡಿದವನು ನಾನು, ನೀರು ಕುಡಿದದ್ದು ಟೈಗರ್.

ಮೂರನೆಯ ದಿನ ಅದು ಮನೆಗೆ ಬಂತು. ಒಂದು ವಾರ ಬೊಗಳಲಿಲ್ಲ. ಎಂಟನೆಯ ದಿನ ಅಂಚೆಯವನನ್ನು ಕಂಡು ಬೊಗಳಿದಾಗ ನನ್ನಾಕೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು.

2024ರ ದಸರಾಕ್ಕೆ ಮೊಮ್ಮಗಳು ಮತ್ತೆ ಆನೆ ಮಾಡಿದಳು. ಈ ಬಾರಿ ಜೇಡಿಮಣ್ಣಿನಲ್ಲಿ. ಟೈಗರ್ ಒಂದನ್ನು ಮೂಸಿ ನೋಡಿ, ಸೀನಿ, ದೂರ ಹೋಗಿ ಮಲಗಿತು. ಆದರೂ ಮೊರವನ್ನು ನಾನು ಬೀರುವಿನ ಮೇಲೆಯೇ ಇಟ್ಟೆ.