ಬಾಗುವ ಕಡ್ಡಿಯ ಲೆಕ್ಕ

ಮರವೆಂದರೆ ಭಾರವೆಂದು ಬಲ್ಲ ನಮಗೆ ಬಾಲ್ಸಾ ಒಂದು ವಿಸ್ಮಯ. ನಮ್ಮ ತೇಗ ಘನಮೀಟರಿಗೆ 600 ಕಿಲೋಗ್ರಾಮಿಗೂ ಮಿಕ್ಕಿ ತೂಗಿದರೆ, ಈಕ್ವೆಡಾರ್ ದೇಶದಿಂದ ಹೆಚ್ಚಾಗಿ ಬರುವ ಈ ಮರದ ಸರಾಸರಿ 160 ಕಿಲೋಗ್ರಾಂ. ಮುಚ್ಚಿದ ಕಟ್ಟಡದೊಳಗೆ ಮಾದರಿ ವಿಮಾನ ಹಾರಿಸುವವರಿಗೆ ಅದೂ ಭಾರವೇ. ಅವರು 80ಕ್ಕಿಂತ ಕಡಿಮೆ ಇರುವುದನ್ನು ಅರಸುತ್ತಾರೆ. ಎಫ್‌1ಡಿ ಎಂಬ ಅಂತರರಾಷ್ಟ್ರೀಯ ವರ್ಗದ ವಿಮಾನ, ರಬ್ಬರನ್ನು ಬಿಟ್ಟರೆ, ಒಂದೂವರೆ ಗ್ರಾಮಿನ ಆಸುಪಾಸು. ತಿರುಚಿದ ರಬ್ಬರಿನ ಬಲವೊಂದರಿಂದಲೇ ಅದು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ಗಾಳಿಯಲ್ಲಿರಬಲ್ಲದು.

ಇಂಗ್ಲೆಂಡಿನಲ್ಲಿ ನೆಲೆಸಿದ್ದ ನನ್ನ ಅಣ್ಣನಿಗೆ ಈ ಹುಚ್ಚು ಹಿಡಿದಿತ್ತು. ಆರ್‌-101 ವಾಯುನೌಕೆಯನ್ನು 1920ರ ದಶಕದಲ್ಲಿ ಕಟ್ಟಿದ ಕಾರ್ಡಿಂಗ್ಟನ್ನಿನ ಮಹಾಕೊಟ್ಟಿಗೆಯಲ್ಲಿ ಆತ ತನ್ನ ವಿಮಾನಗಳನ್ನು ಹಾರಿಸುತ್ತಿದ್ದ. ಆತ ತೀರಿಕೊಂಡ ಮೇಲೆ ಅತ್ತಿಗೆ ನನ್ನ ಮಗನಿಗೆಂದು ಹನ್ನೊಂದು ತೆಳು ಹಲಗೆಗಳನ್ನು ಕಳುಹಿಸಿದರು. ಪ್ರತಿಯೊಂದರ ಅಂಚಿನಲ್ಲೂ ಪೆನ್ಸಿಲಿನಿಂದ ಬರೆದ ಎರಡು ಸಂಖ್ಯೆಗಳು. ಒಂದು ತೂಕವೆಂದು ತಿಳಿಯಿತು. ಇನ್ನೊಂದರ ಅರ್ಥವನ್ನು ಅತ್ತಿಗೆಯೇ ಫೋನಿನಲ್ಲಿ ಬಿಡಿಸಿ ಹೇಳಿದರು. ತಮ್ಮ ಅಡುಗೆಮನೆಯ ತಕ್ಕಡಿ ಎಷ್ಟೋ ಸಂಜೆ ಆ ಲೆಕ್ಕಕ್ಕೇ ಮೀಸಲಾಗಿತ್ತೆಂದು ನಕ್ಕರು.

ವಿಧಾನ ಸರಳ. ಹಲಗೆಯ ಅಂಚಿನಿಂದ ಒಂದೂವರೆ ಮಿಲಿಮೀಟರು ಚೌಕದ, ಗೇಣಿಗಿಂತ ಚಿಕ್ಕದಾದ ಕಡ್ಡಿಯೊಂದನ್ನು ಕತ್ತರಿಸಿ, ತಕ್ಕಡಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ಮೆಲ್ಲಗೆ ಒತ್ತಬೇಕು. ಅಂಕೆ ಏರುತ್ತದೆ, ಏರುತ್ತದೆ. ಕಡ್ಡಿ ಬಿಲ್ಲಿನಂತೆ ಬಾಗಿದೊಡನೆ ನಿಂತುಬಿಡುತ್ತದೆ. ಇನ್ನಷ್ಟು ಒತ್ತಿದರೂ ಕಡ್ಡಿ ಬಾಗುವುದೇ ಹೊರತು ಅಂಕೆ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಈ ವರ್ತನೆಯ ಗಣಿತವನ್ನು ಲಿಯೊನಾರ್ಡ್ ಆಯ್ಲರ್ 1744ರಲ್ಲಿಯೇ ಪ್ರಕಟಿಸಿದ್ದ. ಕೈ ಬಿಟ್ಟರೆ ಕಡ್ಡಿ ಮತ್ತೆ ನೆಟ್ಟಗಾಗುತ್ತದೆ. ಮುರಿಯದೆಯೇ ಮರದ ಬಿಗುವನ್ನು ಅಳೆಯುವ ಈ ಪರೀಕ್ಷೆ ನನಗೆ ಬಹಳ ಹಿಡಿಸಿತು. ಆದರೆ ಕತ್ತರಿಸುವ ಕೈ ನಡುಗಬಾರದು. ಕಡ್ಡಿಯ ಎರಡೂ ಬದಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪವಾದರೂ ಅಂಕೆ ಕಾಲುಪಾಲಿಗೂ ಹೆಚ್ಚು ಏರಿ, ಸಾಧಾರಣ ಮರವೂ ಉತ್ತಮವೆಂಬ ಭ್ರಮೆ ಹುಟ್ಟುತ್ತದೆ.

ಇಷ್ಟೆಲ್ಲ ಏಕೆ? ವಿಮಾನದ ನಡುಕಡ್ಡಿಯ ಎರಡು ತುದಿಗಳ ನಡುವೆ ರಬ್ಬರು ಬಿಗಿದಿರುತ್ತದೆ. ಕಡ್ಡಿ ಬಾಗಿದರೆ ರೆಕ್ಕೆ ಮತ್ತು ಬಾಲಗಳ ಕೋನ ಬದಲಾಗಿ ಹಾರಾಟ ಕೆಡುತ್ತದೆ. ಮುರಿದೇ ಹೋಗಬೇಕೆಂದಿಲ್ಲ, ತುಸು ಬಾಗಿದರೆ ಸಾಕು.

ಹನ್ನೊಂದರಲ್ಲಿ ಎರಡು ಹಲಗೆಗಳು ಸರಿಸಮ 8 ಗ್ರಾಂ. ಕೈಯಲ್ಲಿ ಹಿಡಿದರೆ ವ್ಯತ್ಯಾಸವೇ ತೋರದು. ಒಂದರ ಮೇಲೆ 31 ಎಂದಿದೆ, ಇನ್ನೊಂದರ ಮೇಲೆ 42. ಈ ಎರಡನೆಯದರಿಂದ ಅಣ್ಣ ಒಂದು ಪರೀಕ್ಷೆಯ ಕಡ್ಡಿಯನ್ನಲ್ಲದೆ ಬೇರೇನನ್ನೂ ಕತ್ತರಿಸಿರಲಿಲ್ಲ.

ಮಗ ಅದನ್ನು ಮುಟ್ಟಲು ಹಿಂಜರಿದ. ದೊಡ್ಡಪ್ಪನ ನೆನಪಿಗೆ ಅದೊಂದಾದರೂ ಇರಲಿ ಎಂದ. ಇಡುವುದಕ್ಕೆ 31ರ ಹಲಗೆಯೇ ಸಾಕು, ನಡುಕಡ್ಡಿಗೆ 42ರದ್ದೇ ಆಗಬೇಕು ಎಂದು ನಾನು ವಾದಿಸಿದೆ. ತೀರ್ಮಾನ ಅತ್ತಿಗೆಯ ಬಳಿಗೆ ಹೋಯಿತು. ಅವರು ಒಂದು ಕ್ಷಣ ಸುಮ್ಮನಿದ್ದು, “ಬ್ಲೇಡು ಹೊಸದಿರಲಿ” ಎಂದರು.